ಎಂಬತ್ತರ ಮೇಲೆ ತುಂಬಬಾರದು

ಮೂರು ವರ್ಷ ನಾನು ಒಂದು ಕಾರಿನ ಬ್ಯಾಟರಿಯನ್ನು ಕಾಪಾಡಿದೆ. ಕಾರನ್ನು ಅನ್ನುತ್ತಿಲ್ಲ, ಬ್ಯಾಟರಿಯನ್ನು ಅಂತಲೇ ಅನ್ನುತ್ತಿದ್ದೇನೆ. ಕಾರಿಗೆ ಧೂಳು ಕೂತರೆ ಕೂರಲಿ ಎಂದು ವಾರಗಟ್ಟಲೆ ಬಿಟ್ಟದ್ದುಂಟು. ಹುನಗುಂದದ ಬಸ್‌ಸ್ಟ್ಯಾಂಡಿನ ಹತ್ತಿರ ಯಾವನೋ ಬೈಕಿನವನು ಬಾಗಿಲಿಗೆ ಗೀರು ಎಳೆದು ಹೋದಾಗ ಬಾಯಿತುಂಬ ಬೈದು ಸುಮ್ಮನಾದೆ, ಬಣ್ಣ ಕೂಡ ಹಚ್ಚಿಸಲಿಲ್ಲ. ಬ್ಯಾಟರಿಯ ಮಾತು ಬೇರೆ. ಅದನ್ನು ಯಾರಾದರೂ ನನ್ನ ಕಣ್ಣೆದುರಿಗೆ ಪೂರ್ತಿ ತುಂಬಿಸಿ ಬಿಸಿಲಿಗೆ ನಿಲ್ಲಿಸಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ. ಕಡೆಗೆ ಹಾಗೆ ಪೂರ್ತಿ ತುಂಬಿಸಿದವಳು ನಾನೇ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗಲೂ ಮೈ ಉರಿಯುತ್ತದೆ.

ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇರುವುದು ಇಳಕಲ್ಲಿನಲ್ಲಿ, ನೇಕಾರರ ಓಣಿಯ ಬದಿಗೆ, ಒಬ್ಬಳೇ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ; ನೋಡಲು ಬಂದವರಿಗೆ ನನ್ನ ಬಾಯಿ ಜೋರು ಅನ್ನಿಸಿತು, ನನಗೆ ಅವರ ತಲೆ ಮಂದ ಅನ್ನಿಸಿತು, ಅಷ್ಟರಲ್ಲಿ ವಯಸ್ಸು ದಾಟಿತು. ನನಗಿಂತ ಸಾಕಷ್ಟು ಚಿಕ್ಕವನಾದ ಒಬ್ಬ ತಮ್ಮ ಇದ್ದಾನೆ. ಅವ್ವ ಹೊಲಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಈಗ ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಕೊಂಡು, ಗ್ರಾನೈಟ್ ಕಲ್ಲಿನ ವ್ಯಾಪಾರ ಮಾಡಿಕೊಂಡು, ಹೆಂಡತಿ ಮತ್ತು ಒಬ್ಬಳೇ ಮಗಳ ಜೊತೆ ಇದ್ದಾನೆ. ಅಪ್ಪ ಅವ್ವ ಹೋದ ಮೇಲೆ ನನ್ನವರು ಎಂದು ಹೇಳಿಕೊಳ್ಳಲು ಉಳಿದವನು ಅವನೊಬ್ಬನೇ.

ಕಾರು ತಂದುಕೊಟ್ಟವನು ಅವನೇ. ವ್ಯಾಪಾರದಲ್ಲಿ ಯಾರಿಂದಲೋ ಅವನ ಕೈಗೆ ಬಂದ ಹಳೆಯ ಗಾಡಿ ಅದು. ಪೆಟ್ರೋಲಿನಿಂದಲೂ ಓಡುತ್ತದೆ, ಮನೆಯ ಪ್ಲಗ್ಗಿಗೆ ಹಾಕಿ ತುಂಬಿಸಿದ ಕರೆಂಟಿನಿಂದಲೂ ಓಡುತ್ತದೆ. ಇಳಕಲ್ಲಿನಿಂದ ಹುನಗುಂದಕ್ಕೆ ಹೋಗಿ ಬರಲು ಕರೆಂಟೇ ಸಾಕು. ಅದಕ್ಕಿಂತ ದೂರ ಹೊರಟು ಬ್ಯಾಟರಿ ಇಳಿದರೆ ಪೆಟ್ರೋಲ್ ಎಂಜಿನ್ನು ತಾನಾಗಿ ಗುರುಗುಡತೊಡಗುತ್ತದೆ. ನನ್ನ ಮೊಣಕಾಲು ಆಗ ಬಸ್ಸಿನ ಮೆಟ್ಟಿಲು ಹತ್ತಲು ತಕರಾರು ತೆಗೆದಿತ್ತು. ತಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ.

"ಅಕ್ಕಾ, ಇನ್ನ ಬಸ್ಸಿನ ತ್ರಾಸ ಬ್ಯಾಡ ನಿನಗ. ಇದು ನಿಂದ" ಅಂದ.

ಕಾಗದಪತ್ರ ಅವನ ಹೆಸರಿನಲ್ಲೇ ಇತ್ತು. ನಾನು ಕೇಳಲಿಲ್ಲ. ಎತ್ತಿ ಆಡಿಸಿದ ತಮ್ಮನ ಮುಂದೆ ನಿಂತು ಕಾಗದ ಯಾರ ಹೆಸರಲ್ಲಿದೆ ಎಂದು ಕೇಳಲು ನನಗೇನು ತಲೆ ಕೆಟ್ಟಿತ್ತೆ? ಇದು ನಿಂದ ಅಂದನಲ್ಲ, ಮುಗಿಯಿತು.

ಹೊರಡುವಾಗ ಅವನು ಹೇಳಿದ್ದು ಇಷ್ಟೇ, ಬ್ಯಾಟರಿ ಭಾಳ ನಾಜೂಕಂತ, ನೂರಕ್ಕೆ ಎಂಬತ್ತರ ಮೇಲೆ ತುಂಬಬಾರದಂತ, ಇಪ್ಪತ್ತರ ಕೆಳಗೆ ಇಳಿಯಗೊಡಬಾರದಂತ. ಉಳಿದದ್ದನ್ನು ನಾನೇ ಕಲಿತೆ. ಕಲಿಯುವುದು ಕಲಿಸುವುದೇ ನನ್ನ ಕಸುಬು. ಪೂರ್ತಿ ತುಂಬಿದ ಬ್ಯಾಟರಿಗೆ ಶಾಖ ತಗುಲಿದರೆ ಅದು ಬೇಗ ಮುಪ್ಪಾಗುತ್ತದೆ. ಪೂರ್ತಿ ಬರಿದು ಮಾಡಿ ದಿನಗಟ್ಟಲೆ ಬಿಟ್ಟರೂ ಅಷ್ಟೇ. ಬಿಸಿಲಲ್ಲಿ ಓಡಿಸಿಕೊಂಡು ಬಂದ ತಕ್ಷಣ ಪ್ಲಗ್ಗಿಗೆ ಹಾಕಬಾರದು, ಆರಲು ಬಿಡಬೇಕು. ಹಾಗಂತ ಪೆಟ್ರೋಲನ್ನು ಮರೆತುಬಿಟ್ಟರೆ ಟ್ಯಾಂಕಿನಲ್ಲಿ ನಿಂತು ನಿಂತು ಅದು ಕೆಡುತ್ತದೆ, ಆಗಾಗ ಎಂಜಿನ್ನನ್ನೂ ಓಡಿಸಬೇಕು. ಕೆಲವು ಗಾಡಿಗಳಿಗೆ ಎಂಬತ್ತಕ್ಕೆ ತಾನೇ ನಿಲ್ಲುವ ಏರ್ಪಾಡು ಇರುತ್ತದಂತೆ. ನನ್ನ ಗಾಡಿಗೆ ಇರಲಿಲ್ಲ. ಮೊಬೈಲಿನಲ್ಲಿ ಅಲಾರಾಂ ಇಟ್ಟು, ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಓಡಿಬಂದು ಪ್ಲಗ್ ಕೀಳುವ ನಾನೇ ಅದರ ಏರ್ಪಾಡು. ನಡುವೆ ಕರೆಂಟು ಹೋದರೆ ಲೆಕ್ಕವೆಲ್ಲ ತಪ್ಪಿ ಮತ್ತೆ ಮೊದಲಿನಿಂದ ಎಣಿಸಬೇಕು. ಇಳಕಲ್ಲಿನಲ್ಲಿ ಕರೆಂಟು ಹೋಗುವುದಕ್ಕೆ ಮುಹೂರ್ತ ಬೇಕಾಗಿಲ್ಲ.

ಇನ್ನೊಂದು ತಂಟೆ ಇತ್ತು. ನಮ್ಮ ಊರಿನ ನೆಲದಡಿ ಬರೀ ಕಲ್ಲು. ಬೇಸಿಗೆ ಬಂದರೆ ಅರ್ಥಿಂಗಿನ ಗುಂಡಿ ಒಣಗಿ, ನೆಲ ಕರೆಂಟನ್ನು ಹಿಡಿಯುವುದಿಲ್ಲ. ಚಾರ್ಜರಿನ ಡಬ್ಬಿ ಕೆಂಪು ದೀಪ ತೋರಿಸಿ ಮುಷ್ಕರ ಹೂಡುತ್ತದೆ. ಅದಕ್ಕೇ ಚಾರ್ಜಿಗೆ ಹಾಕುವ ಮುಂಚೆ ನಾನು ಒಂದು ಕೊಡ ಉಪ್ಪುನೀರನ್ನು ಆ ಗುಂಡಿಗೆ ಹೊಯ್ಯುತ್ತಿದ್ದೆ. ಪಕ್ಕದ ಮನೆಯ ನೇಕಾರರ ಅಜ್ಜಿ ಮಗ್ಗದ ಕೋಣೆಯ ಕಿಟಕಿಯಿಂದ ಇದನ್ನು ಎಷ್ಟೋ ದಿನ ನೋಡಿ, ಕಡೆಗೆ ತಡೆಯಲಾರದೆ ಹೊರಗೆ ಬಂದಳು.

"ಅಕ್ಕೋರ, ಅಲ್ಲೇನ್ ಹಚ್ಚೀರಿ? ದಿನಾ ನೀರ ಹಾಕ್ತೀರಿ, ಒಂದ ಎಲಿನೂ ಒಡದಿಲ್ಲಲ್ರಿ."

"ಅದು ಗಿಡ ಅಲ್ಲಬೇ, ಕರೆಂಟಿನ ಬೇರು" ಅಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಇಷ್ಟು ಓದಿ ಇವಳಿಗೆ ಹೀಗಾಯಿತೇ ಎಂಬಂತೆ ಒಳಗೆ ಹೋದಳು.

ಅಮಾವಾಸ್ಯೆ ಬಂದರೆ ಗಾಡಿ ಪೂರ್ತಿ ತುಂಬಿಸುವ ಬಗ್ಗೆ ನನಗೂ ಅಜ್ಜಿಗೂ ಜಗಳ. ನಮ್ಮ ಕಡೆ ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಆ ದಿನ ಗಾಡಿ ಊರು ದಾಟುವುದಿಲ್ಲ. ಅಂದರೆ ಪೂರ್ತಿ ತುಂಬಿಸಿದರೆ ಇಡೀ ದಿನ ತುಂಬಿಕೊಂಡೇ ಬಿಸಿಲಿಗೆ ನಿಲ್ಲುತ್ತದೆ, ಬ್ಯಾಟರಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ನಾನು ಒಪ್ಪುತ್ತಿರಲಿಲ್ಲ. ಅಜ್ಜಿಗೆ ಅದು ಸೇರುತ್ತಿರಲಿಲ್ಲ.

"ಅರ್ಧ ಖಾಲಿ ಗಾಡಿಗೆ ಯಾರರ ಪೂಜಿ ಮಾಡ್ತಾರೇನ್ರಿ?"

"ಖಾಲಿ ಎಲ್ಲೈತಿ? ಎಂಬತ್ತೈತಿ."

"ಉಳಿದ ಇಪ್ಪತ್ತ ಯಾಕ ಬಿಟ್ರಿ? ಉಡಿ ತುಂಬುವಾಗ ಐದ ಹಣ್ಣಿನಾಗ ನಾಕ ಹಾಕಿ, ಒಂದ ನಾಳಿಗಿರಲಿ ಅಂತ ಎತ್ತಿ ಇಡ್ತೀರೇನು?"

ಉತ್ತರ ಗೊತ್ತಿದ್ದರೂ ಅಜ್ಜಿಗೆ ಹೇಳಿ ತಿಳಿಸುವಷ್ಟು ತಾಳ್ಮೆ ನನಗಿರಲಿಲ್ಲ. ಆದರೆ ಅವಳ ಮಾತಿನಲ್ಲಿ ಅರ್ಥವಿತ್ತು. ನಾವು ತುಂಬಿಸಿ ಕೊಡುವ ಜನ. ತಾಟಿಗೆ ಬಡಿಸಿದರೆ ಸುರಿಯಬೇಕು, ತವರಿನಿಂದ ಮಗಳು ಹೊರಟರೆ ಉಡಿ ಜಗ್ಗಬೇಕು. ಮುಕ್ಕಾಲಿಗೆ ಕೈ ನಿಲ್ಲಿಸುವುದು ಜಿಪುಣರ ಕೆಲಸ ಎಂದೇ ನಾನೂ ಬೆಳೆದದ್ದು. ಎಂಬತ್ತಕ್ಕೆ ಪ್ಲಗ್ ಕೀಳುವಾಗ ನನ್ನ ಕೈಗೂ ಮೊದಮೊದಲು ಮುಜುಗರವಾಗುತ್ತಿತ್ತು.

ಮೊದಲ ಎರಡು ವರ್ಷ ತಮ್ಮ ಗಾಡಿಯ ಸುದ್ದಿ ಎತ್ತಲಿಲ್ಲ. ಗಾಡಿಯದ್ದೇನು, ನನ್ನ ಸುದ್ದಿಯೂ ಇಲ್ಲ. ಯುಗಾದಿಗೊಂದು ಫೋನು, ಪಂಚಮಿಗೊಂದು ಫೋನು, ಅದೂ ಅರ್ಧ ಹೆಂಡತಿಯೇ ಮಾತಾಡಿ ಮುಗಿಸುತ್ತಿದ್ದಳು. ನನಗೆ ಬೇಜಾರಿರಲಿಲ್ಲ ಎಂದರೆ ಸುಳ್ಳಾದೀತು. ವ್ಯಾಪಾರಸ್ಥ, ತಲೆಯ ಮೇಲೆ ನೂರೆಂಟು ಕೆಲಸ ಎಂದು ನಾನೇ ಅವನ ಪರವಾಗಿ ವಾದಿಸಿ, ನಾನೇ ತೀರ್ಪು ಕೊಟ್ಟುಕೊಂಡು ಸುಮ್ಮನಿದ್ದೆ.

ಅವನ ಮಗಳ ಮದುವೆ ನಿಶ್ಚಯವಾಯಿತು. ಹುಡುಗ ಕಲಾದಗಿಯವನು, ಹಣ್ಣಿನ ತೋಟ ಇರುವ ಮನೆ. ಅದಾದ ಮೇಲೆ ಒಂದು ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ತಮ್ಮನ ಫೋನು ಬಂತು. ಹಬ್ಬವಲ್ಲ, ಹುಣ್ಣಿಮೆಯಲ್ಲ. ಯಾರಿಗೋ ಏನೋ ಆಗಿದೆ ಎಂದು ದೀಪ ಹಚ್ಚುವುದನ್ನು ಬಿಟ್ಟು ಫೋನೆತ್ತಿದೆ.

"ಅಕ್ಕಾ, ಬ್ಯಾಟರಿ ಎಷ್ಟೈತಿ?" ಅಂದ.

"ಅರವತ್ತರ ಮ್ಯಾಲ ಐತಿ. ಯಾಕೋ?"

"ಏನಿಲ್ಲ, ಹಂಗ ಕೇಳಿದ್ನಿ. ಪೂರ್ತಿ ತುಂಬಸಂಗಿಲ್ಲ ಹೌದಲ್ಲ?"

"ನನಗ ಹೇಳ್ತಿ ಏನು ನೀ?" ಎಂದು ನಕ್ಕೆ. ಹಾಗೇ ಮಾತು ಬೆಳೆಯಿತು. ಶಾಲೆಯ ಸುದ್ದಿ, ಮೊಣಕಾಲಿನ ಸುದ್ದಿ, ಅಜ್ಜಿಯ ಉಡಿಯ ಸುದ್ದಿ ಎಲ್ಲ ಹೇಳಿದೆ. ಅವನು ಹೂಂ, ಹೂಂ ಎನ್ನುತ್ತಾ ಕೇಳಿದ.

ಮರುದಿನವೂ ಅದೇ ಹೊತ್ತಿಗೆ ಫೋನು ಬಂತು. ಅದರ ಮರುದಿನವೂ ಬಂತು. ಆಮೇಲೆ ಅದು ರೂಢಿಯೇ ಆಯಿತು. "ಅಕ್ಕಾ, ಎಷ್ಟೈತಿ?" ಎಂದು ಅವನು, ಇಷ್ಟೈತಿ ಎಂದು ನಾನು, ಅಲ್ಲಿಂದ ಮುಂದೆ ಮನಸ್ಸಿಗೆ ಬಂದದ್ದೆಲ್ಲ. ಮಗಳು ಮನೆ ಬಿಟ್ಟು ಹೋಗುತ್ತಾಳಲ್ಲ, ಮನಸ್ಸು ಖಾಲಿ ಅನ್ನಿಸಿದೆ, ಅದಕ್ಕೇ ಅಕ್ಕ ನೆನಪಾಗಿದ್ದಾಳೆ ಎಂದುಕೊಂಡೆ. ಗಂಡಸರಿಗೆ ಹೇಗಿದ್ದೀ ಎಂದು ನೇರವಾಗಿ ಕೇಳಲು ಬಾಯಿ ಬರುವುದಿಲ್ಲ, ಏನಾದರೊಂದು ನೆಪ ಬೇಕು. ನಮ್ಮ ಅಪ್ಪ ಕೂಡ ಅವ್ವನಿಗೆ ಜ್ವರ ಬಂದಾಗ ಎಮ್ಮೆ ಹಾಲು ಕೊಟ್ಟಿತೇ ಎಂದು ವಿಚಾರಿಸುತ್ತಿದ್ದ. ಬ್ಯಾಟರಿ ಇವನ ಎಮ್ಮೆ ಎಂದು ಒಳಗೊಳಗೇ ನಗುತ್ತಿದ್ದೆ. ಎಷ್ಟು ಸಂತೋಷವಾಗುತ್ತಿತ್ತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಏನಾದರೂ ತಮಾಷೆ ನಡೆದರೆ ಸಂಜೆ ಅವನಿಗೆ ಹೇಳಲು ಎತ್ತಿಡುತ್ತಿದ್ದೆ. ಫೋನು ಬರುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಸ್ಟಾಫ್ ಮೀಟಿಂಗಿನಲ್ಲಿ ಚಡಪಡಿಸುತ್ತಿದ್ದೆ. ಹೆಡ್ ಮೇಡಂ, "ಮನ್ಯಾಗ ಯಾರ ದಾರಿ ಕಾಯಾಕತ್ತಾರ್ರಿ ನಿಮಗ?" ಎಂದು ಕೇಳಿದಾಗ ಎದೆಯೆತ್ತಿ, "ನಮ್ಮ ತಮ್ಮ ಫೋನ್ ಮಾಡ್ತಾನ್ರಿ, ದಿನಾ" ಅಂದೆ.

ಬ್ಯಾಟರಿಯ ಮೇಲಿನ ಕಾಳಜಿ ಇನ್ನೂ ಹೆಚ್ಚಾಯಿತು. ಅವನು ಕೇಳುವಾಗ ಹೇಳಲು ಒಳ್ಳೆಯ ಅಂಕಿ ಇರಬೇಕಲ್ಲ. ಬಿಸಿಲು ಏರುವ ಮೊದಲೇ ಶಾಲೆ ಸೇರಿ ಬೇವಿನ ಮರದ ಕೆಳಗೆ ಜಾಗ ಹಿಡಿಯುತ್ತಿದ್ದೆ. ನೆರಳು ಸರಿದಂತೆಲ್ಲ ಪಿರಿಯಡ್ಡುಗಳ ನಡುವೆ ಓಡಿಹೋಗಿ ಗಾಡಿಯನ್ನೂ ಸರಿಸುತ್ತಿದ್ದೆ. ಒಂದು ದಿನ ಅವನಿಗೆ ಬ್ಯಾಟರಿಗೆ ಸಂಬಂಧವಿಲ್ಲದ ಮಾತೂ ಹೇಳಿದೆ. ರಿಟೈರ್ ಆಗುವ ಕಾಲ ಹತ್ತಿರ ಬಂತು, ಆಮೇಲೆ ಈ ಮನೆಯಲ್ಲಿ ದಿನ ಹೇಗೆ ಕಳೆಯಲಿ ಎಂದು ಹೆದರಿಕೆಯಾಗುತ್ತದೆ ಎಂದೆ. ಯಾರಿಗೂ ಹೇಳಿದ ಮಾತಲ್ಲ ಅದು. ಅವನು "ಹೂಂ" ಅಂದ. ಆ ಹೂಂ ಸಾಕಾಯಿತು ನನಗೆ. ಆವತ್ತು ಹೊಟ್ಟೆತುಂಬ ಉಂಡು ಮಲಗಿದೆ.

ಮದುವೆ ಆಯಿತು. ಮದುವೆ ಮುಗಿದರೂ ಫೋನು ನಿಲ್ಲಲಿಲ್ಲ, ಅದು ನನಗೆ ಇನ್ನೂ ದೊಡ್ಡ ಸಮಾಧಾನ. ಶ್ರಾವಣದಲ್ಲಿ ಕಲ್ಲಿನ ಕೆಲಸಕ್ಕೆಂದು ಇಳಕಲ್ಲಿಗೆ ಬಂದವನು, "ನಡಿ ಅಕ್ಕಾ, ಬದಾಮಿ ಕಡೆ ಹೋಗಿ ಬರೋಣ, ನೀ ಗಾಡಿ ಹೊಡಿ" ಅಂದ. ನಾವಿಬ್ಬರೇ ಹೀಗೆ ಹೊರಟದ್ದು ಎಷ್ಟು ವರ್ಷದ ಹಿಂದೋ. ಅಮೀನಗಡದಲ್ಲಿ ಕರದಂಟು ಕೊಂಡೆವು. ಮಳೆ ಬಿದ್ದು ಸಜ್ಜೆ ಹೊಲಗಳು ಹಸಿರಾಗಿದ್ದವು. ಇಳಿಜಾರಿನಲ್ಲಿ ಕಾಲು ತೆಗೆದರೆ ಗಾಡಿ ತಾನೇ ನಿಧಾನವಾಗುತ್ತಾ ಬ್ಯಾಟರಿಗೆ ಒಂದಿಷ್ಟು ಕರೆಂಟು ಮರಳಿ ತುಂಬಿಕೊಳ್ಳುತ್ತದೆ. ಅದನ್ನು ಅವನಿಗೆ ತೋರಿಸಿದೆ, ಎಂಟನೇ ಕ್ಲಾಸಿನ ಮಕ್ಕಳಿಗೆ ತೋರಿಸುವ ಹಾಗೆ. ಅವನು ಮೊಬೈಲು ತೆಗೆದು ವಿಡಿಯೋ ಮಾಡತೊಡಗಿದ. ನಾನು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಕೂದಲು ಸರಿಮಾಡಿಕೊಂಡು, ಸೆರಗು ಎಳೆದುಕೊಂಡು ನೆಟ್ಟಗೆ ಕೂತೆ. ಅಕ್ಕ ಗಾಡಿ ಹೊಡೆಯುವುದನ್ನು ಮನೆಯವರಿಗೆ ತೋರಿಸುತ್ತಾನೆ ಎಂದುಕೊಂಡೆ.

ಶಿವಯೋಗ ಮಂದಿರದ ಹತ್ತಿರ ಮಲಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲೆ ಕೂತು ಕಟ್ಟಿತಂದ ರೊಟ್ಟಿ ಬಿಚ್ಚಿದೆ. ಅವ್ವನ ಕೈಯ ಪುಂಡಿಪಲ್ಲೆಯ ಮಾತು ತೆಗೆದೆ. ಅವನು ರೊಟ್ಟಿ ಮುರಿಯುತ್ತಾ, "ನಾ ಗಾಡಿ ಒಯ್ದು ಹುಬ್ಬಳ್ಳ್ಯಾಗ ಸರ್ವೀಸಿಗೆ ಬಿಟ್ಟಾಗ ಬ್ಯಾಟರಿ ಹೊಸಾದರಂಗ ಐತಿ ಅಂದಾರ ಅಕ್ಕಾ. ಇಷ್ಟ ಹಳೀ ಗಾಡ್ಯಾಗ ಇಷ್ಟ ಚಲೋ ಬ್ಯಾಟರಿ ನೋಡೇ ಇಲ್ಲಂತ" ಅಂದ. ಅವನ ಮುಖ ಅರಳಿತ್ತು. ಪರೀಕ್ಷೆಯಲ್ಲಿ ಮೊದಲ ನಂಬರು ಬಂದ ಹುಡುಗಿಯ ಹಾಗೆ ನಾನೂ ಉಬ್ಬಿದೆ.

ದೀಪಾವಳಿಗೆ ಕರೆದ. ಅದೂ ಎಷ್ಟೋ ವರ್ಷದ ಮೇಲೆ. "ಪಾಡ್ಯದ ದಿನ ನಿನ್ನ ಕೈಲೆ ಆರತಿ ಮಾಡಿಸ್ಕೋಬೇಕು ಅಕ್ಕಾ, ಎರಡ ದಿನ ಮೊದಲ ಬಾ. ಗಾಡಿ ತಗೊಂಡ ಬಾ, ಪೂಜಿ ಇಲ್ಲೇ ಮಾಡೋಣ" ಅಂದ. ಶಾಲೆಗೆ ರಜೆ ಬಿದ್ದ ಮೇಲೆ ಕಮತಗಿಯ ಹಾದಿ ಹಿಡಿದು ಬಾಗಲಕೋಟೆಗೆ ಹೋದೆ. ಅಮಾವಾಸ್ಯೆಯ ದಿನ ಸಂಜೆ ತಮ್ಮನ ಹೆಂಡತಿ ನನ್ನ ಹತ್ತಿರ ಬಂದಳು. ಅವಳು ಸಾಮಾನ್ಯವಾಗಿ ನನ್ನ ಹತ್ತಿರ ಬಂದು ನಿಲ್ಲುವವಳಲ್ಲ, ನನ್ನ ಬಾಯಿಗೆ ಹೆದರುತ್ತಾಳೆ.

"ಅಕ್ಕಾರ, ನಾಳೆ ಪೂಜಿಗೆ ಗಾಡಿ ಪೂರ್ತಿ ತುಂಬಿರಲ್ರಿ. ಮನಿಯಿಂದ ಹೋಗುವಾಗ ತುಂಬಿ ಹೋಗಬೇಕು" ಅಂದಳು.

ಅಜ್ಜಿ ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಇವಳು ಹೇಳಿದಾಗ ವಾದವೇ ಮರೆತುಹೋಯಿತು. ಈ ಮನೆಗೆ ನಾನು ಮಗಳು, ನಾನು ಇಲ್ಲಿಂದ ಹೊರಡುವಾಗ ಬರಿದಾಗಿ ಹೊರಡಬಾರದು ಎನ್ನುತ್ತಿದ್ದಾಳೆ ಎಂದೇ ತಿಳಿದೆ. ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಎಂಬುದು ಇದೆ ಎಂದು ಯಾರೂ ಹೇಳಿರಲಿಲ್ಲ. ತಮ್ಮನ ಕಡೆ ನೋಡಿದೆ. ಅವನು, "ತುಂಬಸು ಅಕ್ಕಾ, ಒಂದ ದಿನಕ್ಕ ಏನಾಕ್ಕೇತಿ" ಅಂದ. ನನ್ನ ಕೈಯಾರೆ ಪ್ಲಗ್ ಹಾಕಿದೆ. ಎಂಬತ್ತಾಯಿತು, ಕೀಳಲಿಲ್ಲ. ತೊಂಬತ್ತಾಯಿತು. ನೂರಾಗುವ ತನಕ ಪೋರ್ಚಿನಲ್ಲಿ ಕುರ್ಚಿ ಹಾಕಿಕೊಂಡು ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದೆ.

ಪಾಡ್ಯದ ಬೆಳಿಗ್ಗೆ ಬಾಗಿಲ ಬಳಿ ಸಗಣಿಯಲ್ಲಿ ಮಾಡಿದ ಪಾಂಡವರ ಗೊಂಬೆಗಳನ್ನು ಕೂರಿಸಿ, ಅವನಿಗೆ ಎಣ್ಣೆ ಹಚ್ಚಿ, ಮಣೆಯ ಮೇಲೆ ಕೂರಿಸಿ ಆರತಿ ಬೆಳಗಿದೆ. ತಟ್ಟೆಗೆ ಒಂದು ಸೀರೆ ಇಟ್ಟ. ಇಳಕಲ್ ಸೀರೆ. ಇಳಕಲ್ಲಿನವಳಿಗೆ ಇಳಕಲ್ ಸೀರೆ ತಂದಿದ್ದೀಯಲ್ಲೋ ಎಂದು ಎಲ್ಲರೂ ಕೇಳುವಂತೆ ರೇಗಿಸಿದೆ. ಆಮೇಲೆ ಕಲಾದಗಿಯಿಂದ ಬೀಗರು ಬಂದರು, ಅಳಿಯ, ಅವನ ಅಪ್ಪ, ಅವ್ವ. ಮಗಳು ಮೊದಲೇ ಬಂದಿದ್ದಳು. ಗಾಡಿಯನ್ನು ಪೋರ್ಚಿನಿಂದ ಅಂಗಳಕ್ಕೆ ಇಳಿಸಿ ಚೆಂಡುಹೂವಿನ ಹಾರ ಹಾಕಿದರು, ಕುಂಕುಮ ಹಚ್ಚಿದರು, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಆರತಿ ನನ್ನ ಕೈಯಲ್ಲೇ ಆಯಿತು. ತಮ್ಮ ಕೀಲಿಯನ್ನು ಎಲೆ ಅಡಿಕೆಯ ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದ.

"ಹಿರೇಕಿ ನೀನ. ನಿನ್ನ ಕೈಲೇನ ಅಳಿಯನ ಕೈಗೆ ಕೊಡು ಅಕ್ಕಾ" ಅಂದ.

ಏನು ಕೊಡಬೇಕು ಎಂದು ನನಗೆ ಅರ್ಥವಾಗಲಿಲ್ಲ. ಎಲೆ ಅಡಿಕೆಯನ್ನೇ ಎತ್ತಿಕೊಂಡೆ. ತಮ್ಮನ ಮಗಳು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಕೀಲಿ ಅತ್ತಿ, ಕೀಲಿ ಕೊಡು. ಪಪ್ಪಾ ನಿನಗ ಹೇಳಿಲ್ಲೇನು?" ಅಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಹೇಳಿರಲಿಲ್ಲ. ನನ್ನೊಬ್ಬಳನ್ನು ಬಿಟ್ಟು ಆ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೊದಲ ದೀಪಾವಳಿಗೆ ಅಳಿಯನಿಗೆ ಗಾಡಿ, ಮಾತಾಗಿತ್ತು. ಹಿಂದಿನ ದಿನ ತುಂಬಿ ಹೋಗಬೇಕು ಅಂದದ್ದು ಈ ಮನೆಯ ಮಗಳ ಬಗ್ಗೆಯೇ, ಆದರೆ ಆ ಮಗಳು ನಾನಲ್ಲ.

ಬಾಯಿ ಜೋರಿದ್ದರೇನು? ಹೊಸ ಬೀಗರ ಮುಂದೆ, ಹಬ್ಬದ ದಿನ, ಹುಡುಗಿಯ ಮುಖ ನೋಡಿ ಹೇಗೆ ಜಗಳ ತೆಗೆಯಲಿ? ಅದನ್ನು ಲೆಕ್ಕ ಹಾಕಿಯೇ ಅವನು ಈ ಹೊತ್ತನ್ನು ಆರಿಸಿದ್ದ. ಕೀಲಿ ಎತ್ತಿ ಅಳಿಯನ ಕೈಯಲ್ಲಿಟ್ಟೆ. ಅವನು ಬಗ್ಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಪಾಪ, ಅವನದೇನು ತಪ್ಪು, ಚೆನ್ನಾಗಿರು ಎಂದು ಹರಸಿದೆ.

ಬೀಗರು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದರು. "ಬ್ಯಾಟರೀದ ನಮಗ ಒಂದ ಹೆದರಿಕಿ ಇತ್ತು ನೋಡ್ರಿ" ಎಂದರು.

"ಅದರ ಕಾಳಜಿ ಬಿಡ್ರಿ" ಎಂದ ನನ್ನ ತಮ್ಮ, ನನ್ನ ಭುಜದ ಮೇಲೆ ಕೈಯಿಟ್ಟು. "ನಮ್ಮಕ್ಕ ಕೂಸಿನಂಗ ನೋಡ್ಯಾಳ. ಮಾತಾದ ದಿನದಿಂದ ನಾನೂ ಬಿಟ್ಟಿಲ್ಲ, ದಿನಾ ಸಂಜಿಕ ಫೋನ್ ಮಾಡಿ ಎಷ್ಟೈತಿ ಅಂತ ವಿಚಾರಿಸೇನಿ."

"ಹೌದ್ಹೌದು, ಬದಾಮಿ ಹಾದಿ ವಿಡಿಯೋನೂ ಕಳಿಸಿದ್ರಲ್ಲ" ಎಂದು ಬೀಗರು ನನ್ನ ಕಡೆ ತಿರುಗಿ ನಕ್ಕರು. "ಅದರಾಗ ನಿಮ್ಮ ಕೈ ಅಷ್ಟ ಕಾಣ್ತಿತ್ರಿ."

ಆಗ ನನಗೆ ಆದದ್ದನ್ನು ಏನೆಂದು ಹೇಳಲಿ. ಗಾಡಿ ಹೋದದ್ದಕ್ಕೆ ಅಷ್ಟು ಉರಿಯಲಿಲ್ಲ. ನನ್ನ ತಮ್ಮ ನನಗೆ ಮೋಸ ಮಾಡಿದ್ದ, ಅದೂ ನನಗೆ ತೀರ ಬೇಕಾಗಿದ್ದ ಜಾಗಕ್ಕೇ ಕೈ ಹಾಕಿ. ಪರೀಕ್ಷೆ ಮಾಡುವ ಫೋನನ್ನು ಪ್ರೀತಿಯ ಫೋನು ಎಂದು ನಾನು ಹೆಡ್ ಮೇಡಂ ಮುಂದೆ ಜಂಬ ಕೊಚ್ಚಿದ್ದೆ. ಎಲ್ಲರಿಗೂ ಹೋಳಿಗೆ ಬಡಿಸಿದೆ. ಇಷ್ಟಾದರೂ ನನ್ನ ಕಣ್ಣು ಹೋದದ್ದು ಅಂಗಳಕ್ಕೇ. ಬಿಸಿಲು ಏರಿತ್ತು, ನೂರಕ್ಕೆ ನೂರು ತುಂಬಿದ ಗಾಡಿ ಹೂವಿನ ಹಾರ ಹಾಕಿಕೊಂಡು ಅದರಲ್ಲಿ ಬೇಯುತ್ತಿತ್ತು. ತಡೆಯಲಾರದೆ, ನೆರಳಿಗೆ ಸರಿಸಿರಿ ಎಂದೆ. "ಇರಲಿ ಬಿಡ್ರಿ, ಓಣ್ಯಾಗ ನಾಕ ಮಂದಿಗೆ ಕಾಣ್ಲಿ" ಅಂದರು ಬೀಗರು.

ಅವರು ಉಂಡು, ನಿಂಬೆಹಣ್ಣು ತುಳಿಸಿಕೊಂಡು, ಮಗಳನ್ನು ಕೂರಿಸಿಕೊಂಡು ಹೊರಟುಹೋದರು. ಗಾಡಿ ಸದ್ದಿಲ್ಲದೆ ಓಣಿ ದಾಟಿತು. ತಮ್ಮ ಹಿತ್ತಲಿನ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ನಾನು ಅಲ್ಲಿಗೆ ಹೋಗಿ ನಿಂತೆ.

"ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀ ಸಿಟ್ಟಾಗತಿದ್ದಿ ಅಕ್ಕಾ. ನಿನ್ನ ಸಿಟ್ಟ ನನಗ ಗೊತ್ತಿಲ್ಲೇನು? ಸಿಟ್ಟಿನಾಗ ಗಾಡಿ ಹೆಂಗ ಇಡತಿದ್ದ್ಯೋ ಏನೋ. ಬ್ಯಾಟರಿ ಕೆಟ್ಟಿದ್ರ ಬೀಗರ ಮುಂದ ನನ್ನ ಮಾರಿ ಏನಾಗತಿತ್ತು?"

"ಇದು ನಿಂದ ಅಂದಿದ್ದಿ."

"ಅಂದಿದ್ನಿ. ಆವಾಗ ಖರೇನ ಅಂದಿದ್ನಿ. ಹುಡುಗಿ ಬಾಳಿನ ಮುಂದ ಗಾಡಿ ಏನು? ನಿನಗ ಬ್ಯಾರೆ ಸಣ್ಣದೊಂದು ಕೊಡಸ್ತೇನಿ, ಸುಮ್ನಿರು."

"ಗಾಡಿ ಸುಡಗಾಡಿಗೆ ಹೋಗ್ಲಿ" ಅಂದೆ. "ಫೋನ್ ಮಾಡ್ತಿದ್ದ್ಯಲ್ಲ, ಅದನ್ನ ಹೇಳು. ತಾಸಗಟ್ಟಲೆ ಮಾತಾಡ್ತಿದ್ದಿವಲ್ಲ ದಿನಾ. ಅದೂ ಗಾಡಿ ಸಲುವಾಗೇನ?"

ಅವನು ನಲ್ಲಿ ನಿಲ್ಲಿಸಿ, ಹೆಗಲ ಮೇಲಿನ ಟಾವೆಲಿನಿಂದ ಕೈ ಒರೆಸಿಕೊಂಡ. ಮುಖದಲ್ಲಿ ಕಳ್ಳತನ ಇರಲಿಲ್ಲ. ನಾನು ಏನು ಕೇಳುತ್ತಿದ್ದೇನೆ ಎಂಬುದೇ ಅವನಿಗೆ ತಿಳಿದಂತೆ ಕಾಣಲಿಲ್ಲ.

"ನಾ ಬ್ಯಾಟರಿ ಎಷ್ಟೈತಿ ಅಂತ ಅಷ್ಟ ಕೇಳ್ತಿದ್ನಿ ಅಕ್ಕಾ" ಅಂದ. "ಮುಂದಿನ ಮಾತೆಲ್ಲಾ ನೀನ ತೆಗೀತಿದ್ದಿ."

ಹೆಂಡತಿ ಒಳಗಿನಿಂದ ಕರೆದಳು, ಹೋದ. ನಾನು ಬ್ಯಾಗು ಎತ್ತಿಕೊಂಡೆ. ತನ್ನ ದೊಡ್ಡ ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದು ಬಾಗಿಲ ತನಕ ಬಂದ. ಬೇಡ ಎಂದು ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಬಂದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಯಾರೋ ಹೆಣ್ಣುಮಗಳು ಕೈ ಹಿಡಿದು ಎಳೆದುಕೊಂಡಳು. ಕಿಟಕಿಯ ಪಕ್ಕ ಕೂತು, ಅವನನ್ನು ಸುಳ್ಳುಗಾರನನ್ನಾಗಿ ಮಾಡಲೇಬೇಕು ಎಂದು ಹಟ ಹಿಡಿದು ಆ ಫೋನುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಮೊಣಕಾಲು ಹೆಂಗೈತಿ ಎಂದು ಕೇಳಿದ್ದನೇ? ಇಲ್ಲ, ಅದು ನಾನೇ ಹೇಳಿದ್ದು. ಉಂಡೀ ಏನು ಎಂದು? ಅದೂ ನಾನೇ ಅವನಿಗೆ ಕೇಳಿದ್ದು. ರಿಟೈರ್ ಆಗುವ ಹೆದರಿಕೆ ಹೇಳಿಕೊಂಡ ಮರುದಿನ, ಈಗ ಹೆಂಗನಸ್ತೈತಿ ಅಕ್ಕಾ ಎಂದು? ಮರುದಿನ ಅವನು ಬ್ಯಾಟರಿ ಕೇಳಿದ್ದ. ಅವನಾಗಿ ಕೇಳಿದ ಬೇರೆ ಒಂದೇ ಒಂದು ಮಾತು ಸಿಕ್ಕರೂ ಸಾಕಿತ್ತು, ಅದನ್ನು ಹಿಡಿದುಕೊಂಡು ಅವನ ಜೊತೆ ಜನ್ಮವಿಡೀ ಜಗಳವಾಡುತ್ತಿದ್ದೆ. ಕಮತಗಿ ಹೋಯಿತು, ಅಮೀನಗಡ ಹೋಯಿತು, ಹುನಗುಂದದಲ್ಲಿ ಬಸ್ಸು ನಿಂತು ಹೊರಟಿತು. ಇಳಕಲ್ಲು ಬಂತು, ಇಳಿದೆ. ಅಂಥ ಒಂದು ಮಾತೂ ಸಿಕ್ಕಿರಲಿಲ್ಲ.